ಎರಡು ಸ್ಪೀಕರ್, ಒಂದು ಕುರ್ಚಿ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಮೊದಲ ಡ್ರಾಫ್ಟು, "ಬೆಳಗಿನ ಬಿಸಿಲು ಕಿಟಕಿಯಿಂದ ಮೆಲ್ಲನೆ ಇಣುಕುತ್ತಿತ್ತು" ಎಂದು ಶುರುವಾಗಿತ್ತು. ಆಮೇಲೆ ನೆನಪಾಯಿತು, ಆ ಮನೆಯ ಕಿಟಕಿ ತೆರೆಯುವ ಹಾಗೇ ಇಲ್ಲ. ತೆರೆದರೆ ಸ್ಪೀಕರಿನ ಬೇಸ್, ಅಂದರೆ ತಗ್ಗಿನ ಸದ್ದು, ಹೊರಗೆ ಹೋಗುತ್ತದಂತೆ. ಎರಡನೆಯ ಡ್ರಾಫ್ಟಿನಲ್ಲಿ ಸ್ಪೀಕರೇ ಕತೆ ಹೇಳುತ್ತಿತ್ತು. ಮರದ ಡಬ್ಬಿಯ ಬಾಯಲ್ಲಿ ಮಾತಾಡಿಸಿ ಅದಕ್ಕೆ 'ಪ್ರಯೋಗ' ಎಂದು ಹೆಸರಿಡುವ ಚಟ ನಮ್ಮಂಥವರಿಗೆ ಇದೆ. ಎರಡು ಪುಟ ಬರೆದು, ನನಗೇ ನಾಚಿಕೆಯಾಗಿ ಹರಿದೆ.

ಆದ್ದರಿಂದ ನೇರವಾಗಿ ಹೇಳಿಬಿಡುತ್ತೇನೆ. ಕನ್ನಡಕದ ಅಂಗಡಿಯ ಯಜಮಾನರೊಬ್ಬರು ಐವತ್ತೆಂಟನೆಯ ವಯಸ್ಸಿನಲ್ಲಿ ಮನೆಗೆ ಒಂದು ಜೊತೆ ದೊಡ್ಡ ಸ್ಪೀಕರ್ ತಂದರು. ಅವರ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರ್. ಈ ಇಬ್ಬರು, ಆ ಎರಡು ಸ್ಪೀಕರು, ಒಂದು ಹಳೆಯ ಹಾಡು, ಅಷ್ಟೇ ಕತೆ. (ದೊಡ್ಡ ಕ್ಯಾನ್ವಾಸ್ ಬೇಕಾದವರು ಪುಟ ತಿರುಗಿಸಿ ಮುಂದಿನ ಲೇಖಕರ ಹತ್ತಿರ ಹೋಗಬಹುದು. ಬೇಜಾರಿಲ್ಲ.)

೨

ಹಳೆಯ ಸ್ಪೀಕರುಗಳು ಪುಟ್ಟವು. ಪುಸ್ತಕದ ಕಪಾಟಿನಲ್ಲಿ ಯಾರ ತಂಟೆಗೂ ಹೋಗದೆ ಇಪ್ಪತ್ತು ವರ್ಷ ಕೂತಿದ್ದವು. ಹೀಗಿರುವಾಗ ಯಜಮಾನರು ಇಂಟರ್ನೆಟ್ಟಿನಲ್ಲಿ ಸ್ಪೀಕರ್ ಹುಚ್ಚಿನವರ ಒಂದು ಫೋರಂ ಹೊಕ್ಕರು. ಅಲ್ಲಿದ್ದವರೆಲ್ಲ ಇವರಂಥವರೇ, ಕೂದಲು ಉದುರಿ, ಮಕ್ಕಳು ದೊಡ್ಡವರಾಗಿ, ಮನೆಯಲ್ಲಿ ವಾದಕ್ಕೆ ಯಾರೂ ಸಿಗದೆ ಕಂಗಾಲಾದ ಗಂಡಸರು. ಕೇಬಲ್ ಬದಲಿಸಿದ ಮೇಲೆ ಹಾಡುವವಳು ತುಟಿ ಒದ್ದೆ ಮಾಡಿಕೊಂಡದ್ದೂ ಕೇಳಿಸಿತು ಎಂದು ಒಬ್ಬ ಬರೆದಿದ್ದ. ಆರು ತಿಂಗಳಲ್ಲಿ ಯಜಮಾನರಿಗೆ ತಾವು ಇಪ್ಪತ್ತು ವರ್ಷ ಪಟ್ಟ ಸುಖವೆಲ್ಲ ಮೋಸ ಎನ್ನಿಸತೊಡಗಿತು.

"ಸರ್, ಇದು ಫುಲ್ ರೇಂಜ್," ಎಂದ ಸ್ಪೀಕರ್ ಅಂಗಡಿಯವನು. "ತಗ್ಗಿನ ಸದ್ದಿಂದ ಹಿಡಿದು ಮೇಲಿನ ಸದ್ದಿನವರೆಗೆ ರೆಕಾರ್ಡಿಂಗಲ್ಲಿ ಏನಿದೆಯೋ ಅದನ್ನೆಲ್ಲ ಹೊರಗೆ ಹಾಕುತ್ತೆ. ಏನನ್ನೂ ಮುಚ್ಚಿಡಲ್ಲ."

(ಓದುಗರೇ, ಇದು ಮುನ್ಸೂಚನೆ. ಜಾಣ ಲೇಖಕನಾಗಿದ್ದರೆ ಇದನ್ನು ಇನ್ನಷ್ಟು ನಯವಾಗಿ ಅಡಗಿಸುತ್ತಿದ್ದ. ನನಗೆ ಅಷ್ಟು ಪುರುಸೊತ್ತಿಲ್ಲ.)

ಹೆಂಡತಿಗೆ ಏನು ಹೇಳುವುದು ಎಂಬುದನ್ನು ಯಜಮಾನರು ಮೊದಲೇ ಸಿದ್ಧ ಮಾಡಿಕೊಂಡಿದ್ದರು. "ಇದೆಲ್ಲ ಯಾರಿಗೋಸ್ಕರ ಅಂದ್ಕೊಂಡೆ? ನಿನ್ನ ಹಾಡಿಗೋಸ್ಕರ. ಅದನ್ನ ಜನ್ಮದಲ್ಲಿ ಒಂದು ಸಲನಾದ್ರೂ ಸರಿಯಾಗಿ ಕೇಳಬೇಕು."

ಆ ಹಾಡಿನ ಕತೆ ಬಂಧುಬಳಗಕ್ಕೆಲ್ಲ ಬಾಯಿಪಾಠ. ಮೂವತ್ತೆರಡು ವರ್ಷದ ಹಿಂದೆ, ಇನ್ನೂ ಮದುವೆಯ ಮಾತೇ ಇಲ್ಲದಾಗ, ಟೀಚರ್ ಒಂದು ಸಂಜೆ ತಮ್ಮ ತವರುಮನೆಯ ಹಾಲಿನಲ್ಲಿ ಹಾಡಿದ್ದರು. ಅವರ ಅಣ್ಣ ಅದನ್ನು ಕ್ಯಾಸೆಟ್ಟಿಗೆ ಹಿಡಿದಿದ್ದರು. ಅಣ್ಣನ ಗೆಳೆಯರಾಗಿ ಬಂದಿದ್ದ ನಮ್ಮ ಯಜಮಾನರು ಅಣ್ಣನ ಪಕ್ಕದಲ್ಲಿ, ಮೈಕಿನ ಬುಡದಲ್ಲೇ ಕೂತಿದ್ದರು. "ಕಣ್ಣು ಮುಚ್ಚಿ ಕೂತವನು ನಾನು, ಹಾಡು ಮುಗಿದದ್ದೇ ತಿಳೀಲಿಲ್ಲ. ಕಣ್ಣು ಬಿಡೋ ಹೊತ್ತಿಗೆ ಇವಳನ್ನೇ ಮದುವೆ ಆಗೋದು ಅಂತ ತೀರ್ಮಾನ ಆಗಿಹೋಗಿತ್ತು." ಇದನ್ನು ಅವರು ಮಗಳ ಮದುವೆಯಲ್ಲಿ ಹೇಳಿದ್ದಾರೆ, ರೈಲಿನಲ್ಲಿ ಎದುರು ಸೀಟಿನವರಿಗೆ ಹೇಳಿದ್ದಾರೆ, ಕಣ್ಣು ತೋರಿಸಲು ಬಂದವರನ್ನು ಕೂರಿಸಿಕೊಂಡು ಹೇಳಿದ್ದಾರೆ. ಟೀಚರ್ ಪ್ರತಿ ಸಲವೂ "ಸಾಕು ಬಿಡಿ" ಎನ್ನುತ್ತಿದ್ದರು, ಪ್ರತಿ ಸಲವೂ ಕೊನೆಯವರೆಗೆ ಕೇಳುತ್ತಿದ್ದರು.

ಮದುವೆಯಾದ ಮೇಲೆ ಟೀಚರ್ ಹಾಡಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಆ ಕ್ಯಾಸೆಟ್ ಹಾಕಿದಾಗಲೆಲ್ಲ ತನ್ನ ದನಿ ತಗಡು ಬಡಿದ ಹಾಗಿದೆ ಎಂದು ಅವರಿಗೇ ಅನ್ನಿಸುತ್ತಿತ್ತು. ಇಂಥ ದನಿಯನ್ನೂ ಮೆಚ್ಚಿ ಕೈಹಿಡಿದವರು ಎಂಬ ಋಣಭಾವದಲ್ಲೇ ಅವರು ಸಂಸಾರ ಮಾಡಿಕೊಂಡು ಬಂದರು. ಗಂಡನ ಎಷ್ಟೋ ಹುಚ್ಚುಗಳನ್ನು ಹೊಟ್ಟೆಗೆ ಹಾಕಿಕೊಂಡದ್ದು ಆ ಒಂದು ಸಂಜೆಯ ಮುಖ ನೋಡಿ.

೩

ಸ್ಪೀಕರುಗಳು ಬಂದವು. ಎದೆಮಟ್ಟದ ಎತ್ತರ, ಒಂದೊಂದನ್ನು ಎತ್ತಲು ಇಬ್ಬಿಬ್ಬರು. ಗೋಡೆಯಿಂದ ಮೂರಡಿ ಮುಂದೆ ನಿಲ್ಲಿಸಬೇಕಂತೆ, ನಡುವೆ ಗಾಜಿನ ಟೀಪಾಯಿ ಇರಕೂಡದಂತೆ. ಸೋಫಾ ಪ್ಯಾಸೇಜಿಗೆ ಹೋಯಿತು. ಟೀಚರ್ ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಜು ಮಲಗುವ ಕೋಣೆಗೆ ಹೋಯಿತು. ಯಜಮಾನರು ಮಂಡಿಯೂರಿ, ಅಳತೆ ಟೇಪು ಹಿಡಿದು, ನೆಲದ ಮೇಲೆ ಸೀಮೆಸುಣ್ಣದಲ್ಲಿ ತ್ರಿಕೋನ ಎಳೆದರು. ಎರಡು ಮೂಲೆಗೆ ಸ್ಪೀಕರು, ಮೂರನೆಯ ಮೂಲೆಗೆ ಒಂದು ಕುರ್ಚಿ.

"ಇನ್ನೊಂದು ಕುರ್ಚಿ ಎಲ್ಲಿ?" ಎಂದರು ಟೀಚರ್.

"ಪಕ್ಕದಲ್ಲಿ ಕೂತ್ರೆ ಸರಿಯಾಗಿ ಕೇಳಿಸಲ್ಲ. ಇದು ಒಬ್ಬರಿಗೇ. ಸಮಬಾಹು ತ್ರಿಕೋನ ಕಣೇ, ಗಣಿತದ ಟೀಚರಿಗೆ ನಾನು ಹೇಳಿಕೊಡಬೇಕಾ?"

"ತ್ರಿಕೋನ ಸರಿಯಾಗೇ ಇದೆ ರೀ. ಮನೆ ಎಲ್ಲಿ ಹೋಯ್ತು ಅಂತ ನೋಡ್ತಿದ್ದೆ."

(ಇಲ್ಲಿ ದಾಂಪತ್ಯ ಮತ್ತು ತ್ರಿಕೋನದ ಬಗ್ಗೆ ಒಂದು ಪುಟ ತತ್ತ್ವಜ್ಞಾನ ಬರೆಯುವ ಆಸೆ ಬಂದಿತ್ತು. ಒಂದು ಲೋಟ ಚಹಾ ಕುಡಿದ ಮೇಲೆ ಹೋಯಿತು.)

೪

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ. ಉದಾರ ಮನಸ್ಸಿನ ಗಂಡ ಮೊದಲ ಅವಕಾಶವನ್ನು ಹೆಂಡತಿಗೆ ಬಿಟ್ಟುಕೊಟ್ಟು, ತಾವು ರಿಮೋಟ್ ಹಿಡಿದು ಬಾಗಿಲ ಹತ್ತಿರ ನಿಂತರು. ಕ್ಯಾಸೆಟ್ಟಿನ ಹಾಡನ್ನು ಎಂದೋ ಕಂಪ್ಯೂಟರಿಗೆ ಹಾಕಿಸಿಟ್ಟಿದ್ದರು. ಹಾಡು ಶುರುವಾಯಿತು. ಅವರು ನಿಂತಲ್ಲಿಗೆ ಬರೀ ಗದ್ದಲ ಬರುತ್ತಿತ್ತು, ಹಾಗಾಗಿ ಹೆಂಡತಿಯ ಮುಖ ನೋಡುತ್ತ ನಿಂತರು.

ಮೊದಲ ಚರಣಕ್ಕೆ ಟೀಚರ ಹುಬ್ಬು ಮೇಲೇರಿತು. ಅವರು ಕುರ್ಚಿಯ ಅಂಚಿಗೆ ಸರಿದು ಕೂತರು, ಮುಖ ಅರಳಿತು. ಯಜಮಾನರು ತಮ್ಮ ಆಯ್ಕೆಗೆ ತಾವೇ ತಲೆದೂಗಿದರು. ಎರಡನೆಯ ಚರಣದ ನಡುವೆ ಆ ಮುಖ ಇದ್ದಕ್ಕಿದ್ದಂತೆ ಮುಚ್ಚಿಕೊಂಡಿತು. ಹಾಡು ಮುಗಿಯಿತು.

"ಹೇಗಿದೆ?"

"ನೀವು ಕೂತ್ಕೊಳ್ಳಿ."

"ಹೇಗಿದೆ ಹೇಳು ಮೊದಲು."

"ತುಂಬಾ ಕ್ಲಿಯರಾಗಿದೆ. ಕೂತ್ಕೊಳ್ಳಿ."

ಅವರು ಕೂತರು. ಮೊದಲು ದನಿ ಬಂತು. ತಗಡೂ ಅಲ್ಲ, ಏನೂ ಅಲ್ಲ. ತುಂಬಿದ, ದುಂಡಗಿನ, ಎಲ್ಲೂ ನಡುಗದ ಇಪ್ಪತ್ತಮೂರು ವರ್ಷದ ಹುಡುಗಿಯ ದನಿ ಕೋಣೆಯ ನಡುವೆ ಎದ್ದು ನಿಂತಿತು. ಆಮೇಲೆ ಎರಡನೆಯ ಚರಣದಲ್ಲಿ, ಇಷ್ಟು ವರ್ಷ ಫ್ಯಾನಿನ ಸದ್ದು ಎಂದುಕೊಂಡಿದ್ದ ಜಾಗದಲ್ಲಿ, ಎಡಗಡೆಯಿಂದ ಇಬ್ಬರು ಗಂಡಸರು ತಗ್ಗಿದ ದನಿಯಲ್ಲಿ ಮಾತಾಡಿದರು.

"ಇನ್ನೂ ಎಷ್ಟು ಹೊತ್ತೋ ಇದು? ನನ್ನ ಬಸ್ಸು ತಪ್ಪುತ್ತೆ." ಇದು ಯಜಮಾನರು, ಇಪ್ಪತ್ತಾರನೆಯ ವಯಸ್ಸಿನವರು.

"ಇನ್ನೊಂದೇ ಚರಣ, ತಡ್ಕೋ." ಇದು ಅಣ್ಣ.

"ಆಗಲೇ ಎರಡು ಸಲ ಹಾಗೇ ಅಂದೆ."

ಆಮೇಲೆ ಒಂದು ಆಕಳಿಕೆ. ಶುರುವಿನಿಂದ ಕೊನೆಯವರೆಗೆ, ಎಲ್ಲೂ ಚೂರೂ ಕಳೆದುಹೋಗದ, ಫುಲ್ ರೇಂಜ್ ಆಕಳಿಕೆ.

ಪಾಪ, ಆ ಹಳೆಯ ಪುಟ್ಟ ಸ್ಪೀಕರುಗಳು. ಗಂಡಸಿನ ತಗ್ಗಿದ ದನಿಯನ್ನು ಎತ್ತುವ ತ್ರಾಣವಿಲ್ಲದೆ ಅದನ್ನು ಗುಂಯ್ ಎನ್ನಿಸಿ ಯಜಮಾನರ ಮಾನ ಕಾಪಾಡಿಕೊಂಡು ಬಂದಿದ್ದವು. ಟೀಚರ ದನಿಯ ತಿರುಳನ್ನೂ ಅವೇ ತಿಂದಿದ್ದವು.

೪, ಯಜಮಾನರ ಒತ್ತಾಯದ ಮೇರೆಗೆ ತಿದ್ದಿದ್ದು

ಯಜಮಾನರು ಕುರ್ಚಿಯಿಂದೆದ್ದವರೇ ಸೀದಾ ನಾನು ಬರೆಯುವ ಮೇಜಿಗೆ ಬಂದರು. "ಆ ಮಾತು ತೆಗೆದುಬಿಡಿ ಸ್ವಾಮಿ. ನಿಮ್ಮ ಕೈಲಿದೆ. ಒಂದು ಕೆಮ್ಮು ಅಂತ ಬರೀರಿ, ಸಾಕು."

ನನ್ನದು ಮೆದು ಮನಸ್ಸು. ಬರೆದೆ: 'ಎಡಗಡೆಯಿಂದ ಸಣ್ಣದೊಂದು ಕೆಮ್ಮು ಕೇಳಿಸಿತು. ಟೀಚರ್ ನಕ್ಕರು. ಇಬ್ಬರೂ ಸೇರಿ ಸೋಫಾವನ್ನು ಮತ್ತೆ ಒಳಗೆ ತಂದರು.' ವಿಶೇಷಾಂಕಕ್ಕೆ ಹೇಳಿ ಮಾಡಿಸಿದ ಹಾಗಿತ್ತು.

ಅಷ್ಟರಲ್ಲಿ ಟೀಚರ್ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದರು. "ಪೇಪರ್ ಕೈಗೆ ಬಂದ್ಮೇಲೆ ಉತ್ತರ ತಿದ್ದಿ ಮಾರ್ಕ್ಸ್ ಕೇಳೋ ಹುಡುಗರನ್ನ ನಾನು ಬಹಳ ನೋಡಿದ್ದೀನಿ," ಎಂದು ಮೂರು ವಾಕ್ಯಕ್ಕೂ ಕೆಂಪು ಗೀಟು ಎಳೆದರು. ಹಾಗಾಗಿ ಹಳೆಯ ನಾಲ್ಕೇ ಊರ್ಜಿತ.

೫

ಸರಿ, ಈಗ ಮುಕ್ತಾಯ ಬೇಕು. ನನ್ನ ಹತ್ತಿರ ಮೂರಿವೆ.

ಅ) ಟೀಚರ್ ಕಣ್ಣೊರೆಸಿಕೊಂಡು, ಮೂವತ್ತೆರಡು ವರ್ಷದ ನಂತರ ಬಾಯಿಬಿಟ್ಟು ಹಾಡುತ್ತಾರೆ. ನೆರೆಮನೆಯವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

"ನನಗೆ ಐವತ್ತೈದು," ಎಂದರು ಟೀಚರ್. "ಕ್ಲಾಸಲ್ಲಿ ಕೂಗಿ ಕೂಗಿ ಗಂಟಲು ಹೋಗಿದೆ. ನಿಮ್ಮ ಓದುಗರು ಅಳಲಿ ಅಂತ ನಾನು ಹಾಡಲ್ಲ."

ಆ) ಯಜಮಾನರು ಪಶ್ಚಾತ್ತಾಪದಿಂದ ಸ್ಪೀಕರುಗಳನ್ನು ಅಂಗಡಿಗೆ ವಾಪಸು ಕೊಡುತ್ತಾರೆ. ಇದನ್ನು ಓದಿ ಯಜಮಾನರ ಕಣ್ಣಲ್ಲಿ ನೀರು ತುಂಬಿತು. (ಅಲ್ಲಿಯವರೆಗೆ ತುಂಬಿರಲಿಲ್ಲ, ಗಮನಿಸಿ.)

ಇ) ಅಣ್ಣ ಫೋನ್ ಮಾಡಿ, ತಮಾಷೆಗೆ ಅಂದದ್ದು ಬಿಡಮ್ಮ ಎಂದು ತಿಪ್ಪೆ ಸಾರಿಸುತ್ತಾರೆ.

"ಅಣ್ಣನ್ನ ತರಬೇಡಿ," ಎಂದರು ಟೀಚರ್. "ಅವನಿಗೆ ಅವತ್ತಿಂದಲೂ ಗೊತ್ತಿತ್ತು. ಇವರು ಆ ಕತೆ ಹೇಳಿದಾಗಲೆಲ್ಲ ಪಕ್ಕದಲ್ಲಿ ಕೂತು ಹೂಂಗುಟ್ಟಿದ್ದಾನೆ."

"ಮತ್ತೆ ನಿಮಗೆ ಏನು ಬೇಕು, ನೀವೇ ಹೇಳಿ," ಎಂದೆ. ಪಾತ್ರಗಳನ್ನು ಹೀಗೆ ಕೇಳಬಾರದು, ತಲೆಯ ಮೇಲೆ ಕೂರುತ್ತವೆ.

ಟೀಚರ್ ಗಂಡನ ಕೈಯಿಂದ ರಿಮೋಟ್ ತೆಗೆದುಕೊಂಡು ಕುರ್ಚಿಯಲ್ಲಿ ಕೂತರು. ಮೊದಲ ಚರಣವನ್ನು ಮತ್ತೆ ಹಾಕಿದರು. ನನ್ನ ಕಡೆ ತಿರುಗಿ, "ಚೆನ್ನಾಗೇ ಹಾಡಿದ್ದೀನಿ ಅಲ್ವಾ?" ಎಂದರು.

ಇಲ್ಲಿ ನನಗೆ ಯಾವ ಕುಹಕವೂ ತೋಚಲಿಲ್ಲ. ಹೌದು ಎಂದೆ. ತುಂಬಾ ಚೆನ್ನಾಗಿ ಹಾಡಿದ್ದೀರಿ ಎಂದೆ.

"ಇದನ್ನ ಯಾರೂ ನನಗೆ ಹೇಳಲಿಲ್ಲ ನೋಡಿ," ಎಂದರು. "ಇವರು ಎಷ್ಟು ಚೆನ್ನಾಗಿ ಕೇಳಿದ್ರು ಅನ್ನೋದನ್ನಷ್ಟೇ ನಾನು ಇಷ್ಟು ವರ್ಷ ಕೇಳಿದ್ದು."

ಯಜಮಾನರು ಒಂದು ಹೆಜ್ಜೆ ಮುಂದೆ ಬಂದರು. "ಅಲ್ಲ ಕಣೇ, ಅವತ್ತು ಏನಾಯ್ತು ಅಂದ್ರೆ..."

"ಒಂದೇ ಪ್ರಶ್ನೆ ರೀ," ಎಂದರು ಟೀಚರ್. "ಬಸ್ಸು ಸಿಕ್ತಾ?"

೬

ಉತ್ತರ ನನಗೆ ಗೊತ್ತಿದೆ. ಹರಿದ ಡ್ರಾಫ್ಟಿನಲ್ಲಿ ಇತ್ತು. ಸಿಕ್ಕಿತು ಎಂದರೆ ಹಾಡು ಮುಗಿಯುವ ಮೊದಲೇ ಎದ್ದು ಹೋದರು ಎಂದಾಯಿತು. ತಪ್ಪಿತು ಎಂದರೆ, ಆ ರಾತ್ರಿ ಬೇರೆ ದಾರಿಯಿಲ್ಲದೆ ಆ ಮನೆಯಲ್ಲಿ ಉಳಿದರು, ಮದುವೆ ಕುದುರಿದ್ದೂ ಹಾಡಿನಿಂದಲ್ಲ, ಬಸ್ಸು ತಪ್ಪಿದ್ದರಿಂದ ಎಂದಾಯಿತು. ಯಜಮಾನರಿಗೂ ಈ ಲೆಕ್ಕ ಹೊಳೆದಂತಿದೆ. ಒಂದು ಸಾಲು ಕೊಡಿ ಎನ್ನುವ ಹಾಗೆ ನನ್ನ ಕಡೆ ನೋಡುತ್ತಿದ್ದಾರೆ.

ಇಲ್ಲ ಸ್ವಾಮಿ. ಇಷ್ಟು ವರ್ಷ ನಿಮಗೆ ಮಾತಿಗೆ ಯಾರ ಸಹಾಯವೂ ಬೇಕಿರಲಿಲ್ಲ. ನಾನು ಪೆನ್ನು ಮುಚ್ಚಿ ಜೇಬಿಗಿಟ್ಟಿದ್ದೇನೆ.

ಟೀಚರ್ ಹಾಡು ನಿಲ್ಲಿಸಿದ್ದಾರೆ. ಈ ಉತ್ತರವೂ ಅವರಿಗೆ ಕ್ಲಿಯರಾಗಿ ಕೇಳಿಸಬೇಕಂತೆ.