ಗುಂಡಿಯ ಸ್ವಿಚ್ಚು

ಕಾಗದದ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಇಲಿಮರಿ ಎನ್ನುತ್ತಿದ್ದರು. ಹೆಸರಿಟ್ಟವನು ಅವಳ ಭಾವ, ಅಕ್ಕನ ಗಂಡ. ಮೇಜಿನಡಿ, ಸೂರಿನ ಸಂದಿ, ಎಲ್ಲಿ ತಂತಿ ಇದೆಯೋ ಅಲ್ಲೆಲ್ಲ ತೂರಿಕೊಳ್ಳುವವಳಿಗೆ ಅದೇ ಸರಿಯಾದ ಹೆಸರು ಎಂದಿದ್ದ. ಅವಳದು ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ. ಭಾವ ಅಲ್ಲೇ ಪಂಪ್ ಫಿಟ್ಟರ್. ಕೊಳೆನೀರು ಬಂದು ಸೇರುವ ಆಳದ ಗುಂಡಿಯ ಪಂಪುಗಳು ಅವನ ಪಾಲಿಗೆ ಬಂದಿದ್ದವು.

ಮೊದಲೆಲ್ಲ ನೆಟ್‌ವರ್ಕಿನ ತಂತಿಗಳು ಬಂದು ಸೇರುವ ಸ್ವಿಚ್ಚುಗಳಲ್ಲಿ ಯಾವುದು ಕೆಟ್ಟರೂ ಯಾರಾದರೂ ಬಂದು ಬೈದಾಗಲೇ ಅವಳಿಗೆ ತಿಳಿಯುತ್ತಿತ್ತು. ಬೈಸಿಕೊಂಡು ಸಾಕಾಗಿ ಮ್ಯಾನೇಜರನ್ನು ಕಾಡಿ ಬೇಡಿ ಒಂದು ಹಳೆಯ ಕಂಪ್ಯೂಟರ್ ಪಡೆದಳು. ಧೂಳು ಕೊಡವಿ, ಲಿನಕ್ಸ್ ಹಾಕಿ, ಸ್ವಿಚ್ಚುಗಳ ಮೇಲೆ ನಿಗಾ ಇಡುವ ತಂತ್ರಾಂಶವನ್ನು ಅದರಲ್ಲಿ ಕೂರಿಸಿ ತನ್ನ ಸರ್ವರ್ ಮಾಡಿಕೊಂಡಳು. ಆಮೇಲೆ ಒಂದೊಂದು ಸ್ವಿಚ್ಚಿನ ಬಳಿಗೂ ಹೋಗಿ, ಈ ಸರ್ವರ್ ಕೇಳಿದರೆ ಮಾತ್ರ ಉತ್ತರ ಕೊಡುವಂತೆ ಗುಟ್ಟಿನ ಪದ ಹೇಳಿಕೊಟ್ಟು ಬಂದಳು. ಉತ್ತರ ಬರದಿದ್ದರೆ ಪರದೆಯ ಮೇಲೆ ಕೆಂಪು ಬಣ್ಣ, ಅವಳ ಫೋನಿಗೂ ಮ್ಯಾನೇಜರ ಫೋನಿಗೂ ಸಂದೇಶ.

"ನಾವು ಗುಂಡೀಲಿ ಸೀನಿದ್ರೂ ನಿನ್ನ ಪೆಟ್ಟಿಗೆ ಚಾಡಿ ಹೇಳುತ್ತಂತೆ?" ಎಂದು ಭಾವ ಕೇಳಿದ.

"ಸೀನಿದ್ರೆ ಹೇಳಲ್ಲ. ಕೆಲಸ ಬಿಟ್ಟು ನಿದ್ದೆ ಹೊಡೆದ್ರೆ ಹೇಳುತ್ತೆ, ಭಾವ."

ಗುಂಡಿಯ ಬಳಿಯ ಸ್ವಿಚ್ಚನ್ನು ಸೇರಿಸುವಾಗ ಅವಳ ಕಣ್ಣಿಗೆ ಒಂದು ದೋಷ ಬಿತ್ತು. ಗುಂಡಿಯೊಳಗೆ ವಿಷಗಾಳಿ ಅಳೆಯುವ ಯಂತ್ರವಿತ್ತು. ಅದರ ಲೆಕ್ಕ ಈ ಸ್ವಿಚ್ಚಿನ ಮೂಲಕ ಕಂಟ್ರೋಲ್ ರೂಮಿಗೆ ಹೋಗುತ್ತಿತ್ತು. ಅಲ್ಲಿಂದ 'ಇಳೀಬಹುದು' ಎಂದ ಮೇಲೆಯೇ ಆಳು ಇಳಿಯಬೇಕು. ಆದರೆ ನಡುವೆ ಸಂಪರ್ಕ ಕಡಿದರೆ ಅಲ್ಲಿನ ಪರದೆ ಏನೂ ಹೇಳುತ್ತಿರಲಿಲ್ಲ, ಕೊನೆಗೆ ಬಂದ ಸಂಖ್ಯೆಯನ್ನೇ ಹಸಿರಾಗಿ ತೋರಿಸುತ್ತಾ ಕೂರುತ್ತಿತ್ತು. ಅವಳು ಹೋಗಿ ಮ್ಯಾನೇಜರಿಗೆ ಹೇಳಿದಳು.

"ಸ್ವಿಚ್ಚು ಸತ್ರೆ ನಿನ್ನ ಸರ್ವರ್ ಹೇಳುತ್ತಲ್ಲಮ್ಮ, ಇನ್ನೇನು?" ಎಂದರು ಅವರು. ಅದೂ ನಿಜವೆನ್ನಿಸಿತು.

ಆದರೆ ಆ ಸ್ವಿಚ್ಚಿನ ತಂತಿ ತೇವಕ್ಕೆ ಹಾಳಾಗಿತ್ತು. ಗಳಿಗೆಗೊಮ್ಮೆ ಸಾಯುವುದು, ಮತ್ತೆ ಏಳುವುದು. ಪ್ರತಿ ಸಲವೂ ಸಂದೇಶ. ಎಲೆಕ್ಟ್ರಿಷಿಯನ್ ನಾಳೆ ಬರುತ್ತೇನೆಂದ, ಮರುದಿನವೂ ಹಾಗೇ ಅಂದ. ಮೂರನೆಯ ದಿನ ಮ್ಯಾನೇಜರು ಫೋನನ್ನು ಅವಳ ಮುಂದೆ ಹಿಡಿದರು.

"ಮೀಟಿಂಗಲ್ಲಿ ಕೂರೋಕೆ ಬಿಡ್ತಿಲ್ಲ ಇದು. ಆ ಒಂದನ್ನ ಸುಮ್ಮನಿರಿಸು."

"ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ತಾರಾ, ಸರ್?"

"ಕೊಯ್ಯೋದು ಬೇಡ. ತಂತಿ ಬದಲಾಯಿಸೋವರೆಗೆ ಅಷ್ಟೇ. ಇಲ್ಲದಿದ್ರೆ ಪೂರ್ತಿ ಪೆಟ್ಟಿಗೇನೇ ತೆಗೆಸಿಬಿಡ್ತೀನಿ."

ಅಷ್ಟು ದಿನ ಕಷ್ಟಪಟ್ಟು ಕಟ್ಟಿದ್ದು ಹೋಗಿಬಿಡುತ್ತದಲ್ಲ ಎಂದು ಅವಳ ಜೀವ ಕಸಿವಿಸಿಗೊಂಡಿತು. ಸರ್ವರಿನ ಪಟ್ಟಿಯಲ್ಲಿ ಗುಂಡಿಯ ಸ್ವಿಚ್ಚನ್ನು ಹುಡುಕಿ, ಅದರ ಎಚ್ಚರಿಕೆಯ ಸಂದೇಶವನ್ನು ನಿಲ್ಲಿಸಿದಳು. ಕಂಟ್ರೋಲ್ ರೂಮಿಗೆ ಒಂದು ಮಾತು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಗೋದಾಮಿನ ಪ್ರಿಂಟರ್ ಕೆಟ್ಟಿದೆ ಎಂದು ಕರೆ ಬಂತು. ಎದ್ದು ಹೋದಳು.

ಮರುದಿನ ಮಧ್ಯಾಹ್ನ ಪಂಪಿಗೆ ಕಾಗದದ ನಾರು ಸಿಕ್ಕಿಕೊಂಡಿತು. ಭಾವ ಕಂಟ್ರೋಲ್ ರೂಮಿಗೆ ಫೋನ್ ಮಾಡಿ ಕೇಳಿದ. ಪರದೆ ಹಸಿರಾಗಿತ್ತು, ಆಪರೇಟರ್ ಇಳೀಬಹುದು ಎಂದ. ಸ್ವಿಚ್ಚು ಬೆಳಿಗ್ಗೆಯೇ ಸತ್ತಿತ್ತು. ಗುಂಡಿಯ ವಿಷಗಾಳಿ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ವಾಸನೆಯೇ ತಿಳಿಯದಂತೆ ಮೂಗನ್ನೇ ಕೊಂದುಬಿಡುತ್ತದೆ. ಏಣಿಯ ಅರ್ಧಕ್ಕೇ ಭಾವನ ಕೈ ಜಾರಿತು. ಮೇಲಿದ್ದವರು ಅವನ ಸೊಂಟದ ಹಗ್ಗ ಎಳೆದು ಮೇಲಕ್ಕೆ ತರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಅಂತ್ಯಕ್ರಿಯೆಯಾದ ಮೇಲೆ ಮ್ಯಾನೇಜರು ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಅವರ ಮುಖ ಇಳಿದುಹೋಗಿತ್ತು.

"ವಿಚಾರಣೆಗೆ ಬರ್ತಾರೆ. ಸ್ವಿಚ್ಚು ಕೆಟ್ಟಿತ್ತು ಅಂತಷ್ಟೇ ಹೇಳೋಣ. ಸರ್ವರ್ ಇನ್ನೂ ಪರೀಕ್ಷೇಲಿತ್ತು. ನಾನು ಹೇಳಿದ್ದೂ ಬೇಡ, ನೀನು ಮಾಡಿದ್ದೂ ಬೇಡ. ನಿಮ್ಮಕ್ಕನ ಮುಖಾನಾದ್ರೂ ನೋಡು."

ಅವಳು ಹೊರಟಿದ್ದು ಅಕ್ಕನ ಮನೆಗೇ. ಅಕ್ಕ ನೆಲದ ಮೇಲೆ ಕುಳಿತು ಗಂಡನ ಅಂಗಿಗಳನ್ನು ಮಡಿಸುತ್ತಿದ್ದಳು. ತಂಗಿ ಎದುರು ಕುಳಿತು ಮೊದಲಿಂದ ಕೊನೆಯವರೆಗೆ ಹೇಳಿದಳು. ಮ್ಯಾನೇಜರ ಬೆದರಿಕೆಯನ್ನೂ ಹೇಳಿದಳು, ಆದರೆ ಅದನ್ನು ನೆಪ ಮಾಡಿಕೊಳ್ಳಲಿಲ್ಲ.

ಅಕ್ಕನ ಕೈ ನಿಂತಿತು.

"ಅಲ್ಲಿ ಇಳಿಯೋರು ಇವರೇ ಅಂತ ನಿನಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಕೇಳದೆ ಇಳಿಯೋ ಮನುಷ್ಯ ಅಲ್ಲ ಕಣೆ ಅವರು. ಕೇಳಿಯೇ ಇಳಿದ್ರು." ಕೈಯಲ್ಲಿದ್ದ ಅಂಗಿಯನ್ನು ಮಡಿಸಿಟ್ಟು ಮತ್ತೆ ಕೇಳಿದಳು, "ಇದನ್ನ ವಿಚಾರಣೇಲಿ ಹೇಳ್ತೀಯಾ?"

"ಹೇಳ್ತೀನಿ, ಅಕ್ಕ."

"ಹೇಳು. ಆಮೇಲೆ ಈ ಮನೆಗೆ ಬರಬೇಡ. ಯಾವತ್ತಾದ್ರೂ ಕರೀಬೇಕು ಅನ್ನಿಸಿದ್ರೆ ನಾನೇ ಕರೀತೀನಿ."

ವಿಚಾರಣೆಯ ಕೋಣೆಯಲ್ಲಿ ಅಕ್ಕ ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ತಂಗಿ ಎಚ್ಚರಿಕೆ ನಿಲ್ಲಿಸಿದ್ದು ತಾನೇ ಎಂದಳು. ನಿಲ್ಲಿಸಲು ಹೇಳಿದವರು ಯಾರೆಂದೂ ಹೇಳಿದಳು. ಮ್ಯಾನೇಜರು ಅಲ್ಲಗಳೆಯಲು ಬಾಯಿ ತೆರೆದವರು ಅಕ್ಕನ ಕಡೆ ನೋಡಿ ತಲೆ ತಗ್ಗಿಸಿದರು. ಇಬ್ಬರ ಕೆಲಸವೂ ಹೋಯಿತು. ಸಂಪರ್ಕ ಕಡಿದರೆ ಪರದೆ ಕಪ್ಪಾಗಿ ಗಂಟೆ ಬಾರಿಸುವಂತೆ ಹೊರಗಿನವರು ಬಂದು ಸರಿಪಡಿಸಿದರು. ಒಂದು ದಿನದ ಕೆಲಸವಂತೆ.

ಈಗ ಅವಳು ಊರಿನ ಇನ್ನೊಂದು ತುದಿಯಲ್ಲಿ ಫೋನ್ ರಿಪೇರಿ ಅಂಗಡಿಯೊಂದರಲ್ಲಿದ್ದಾಳೆ. ಅಕ್ಕನಿಗೆ ಕಾರ್ಖಾನೆಯವರು ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಕೊಟ್ಟರು. ಮೊನ್ನೆ ಬಸ್ ನಿಲ್ದಾಣದಲ್ಲಿ ಇಬ್ಬರೂ ಎದುರಾದರು. ಅಕ್ಕ ನಿಂತು ಒಂದು ಗಳಿಗೆ ಅವಳ ಮುಖ ನೋಡಿದಳು. "ಸೊರಗಿಹೋಗಿದ್ದೀಯ," ಎಂದಳು. ಅಷ್ಟು ಹೇಳಿ ತನ್ನ ಬಸ್ಸು ಹತ್ತಿದಳು, ಮನೆಗೆ ಕರೆಯಲಿಲ್ಲ.