ದುರ್ಬೀನಿನಲ್ಲಿ ಹಳದಿ ಟವಲ್

ಹೊಲಿಗೆ ಮಿಷನ್‌ಗೆ ಬಿಡೋ ಎಣ್ಣೆ ವಾಸನೆ, ಅದೇ ಕಣೆ ಬಸಮ್ಮ, ಮಗಳು ರಕ್ಷಿತಾಗೆ ಲಂಗ ಹೊಲೀವಾಗ ಕಲೆ ಬಿತ್ತಲ್ಲ, ಹೊಸ ಲಂಗ ಹಾಳು ಮಾಡ್ಬುಟ್ಟೆ ಅಂತ ಬೀದಿಗೆಲ್ಲ ಕೇಳೋ ಹಂಗೆ ಅತ್ತಳಲ್ಲ, ಅದೇ ವಾಸನೆ ಈ ಬಂದೂಕಿನ ಅಂಗಡೀಲೂ, ಅಂಗಡಿ ಚೆಲುವರಾಜು ಕೆಂಪು ಬಟ್ಟೆ ಹಾಸಿ ಒಂದೊಂದೇ ರಿವಾಲ್ವರ್ ಇಡ್ತಿದಾನೆ, ಬಳೆಗಾರ ಬಳೆ ಇಟ್ಟಂಗೆ, ಇದು ನಳಿಗೆ ಗಿಡ್ಡ, ಇದು ಉದ್ದ, ಉದ್ದ ಇದ್ದಷ್ಟೂ ಗುರಿ ನಿಲ್ಲುತ್ತೆ ಸ್ವಾಮಿಗಳೇ, ನಮ್ಮ ಯಜಮಾನ್ರು ಬಲಗೈಲಿ ಎತ್ತಿ ತೂಗಿ ನೋಡ್ತಾರೆ, ಬದನೆಕಾಯಿ ತಗೊಳ್ಳೋವಾಗಲೂ ಇಷ್ಟು ನೋಡಲ್ಲ, ಎಡಗೈ ತೊಡೆ ಮೇಲೆ ಸುಮ್ನೆ ಬಿದ್ದಿದೆ, ಲಕ್ವ ಹೊಡೆದಾಗಿನಿಂದ ಅದು ಹಂಗೇ — ಉದ್ದ ಬಂದೂಕಿಗೆ ಎರಡು ಕೈ ಬೇಕು, ಇದಕ್ಕೆ ಒಂದು ಸಾಕು ಅಂತ ಬೆಳಿಗ್ಗೆ ಅಂದ್ರು, ನಂಜನಗೂಡು ರಸ್ತೆ ಜಮೀನಿಗೆ ಹಂದಿ ನುಗ್ಗುತ್ವೆ, ಕಡ್ಲೆಕಾಯಿ ಗೆಬರಿ ಹಾಕ್ತವೆ, ಹೊಡೀಬೇಕು, ನೀನೂ ಬಾ, ಚೀಲ ಹಿಡ್ಕೊಳ್ಳಕ್ಕೆ. ಅರಣ್ಯದವರ ಅಪ್ಪಣೆ ಇಲ್ದೆ ಹೊಡೀಬೇಡಿ ಮತ್ತೆ, ಅಂತಿದಾನೆ ಚೆಲುವರಾಜು, ಇವರು ಹ್ಞೂಂ ಅಂತಾರೆ, ಎದೆ ಮೇಲೆ ಲಿಂಗ ಕಟ್ಕೊಂಡು ಹ್ಞೂಂ ಅಂತಾರೆ, ಮೊಟ್ಟೆ ಚಿಪ್ಪು ಕಾಣದ ಮನೆ ನಮ್ಮದು, ಇರುವೆ ಸಾಲು ಬಂದ್ರೂ ಅರಿಶಿನ ಹಾಕಿ ದಾರಿ ತಿರುಗಿಸೋ ಮನೆ, ಮಾವನವರ ಬಂದೂಕು ವರ್ಷಕ್ಕೊಂದ್ಸಲ ಆಯುಧಪೂಜೇಲಿ ವಿಭೂತಿ ಹಚ್ಚಿಸ್ಕೊಂಡು ಮತ್ತೆ ಬೀರು ಸೇರುತ್ತೆ, ಲೈಸೆನ್ಸು ಮಾತ್ರ ಇವರ ಹೆಸರಿಗೆ ಬಂದಿದೆ, ಗುಂಡು ಹೊಡೆದಿದ್ದು ಒಬ್ಬರೂ ಇಲ್ಲ, ಇವರು ಈಗ ಬೇಟೆ ಆಡ್ತಾರಂತೆ, ಅಯ್ಯೋ ಶಿವನೇ.

ಗುರಿ ನೋಡಕ್ಕೆ ಮೇಲೆ ಕೂರಿಸೋ ದುರ್ಬೀನೂ ಬೇಕಂತೆ. ರಿವಾಲ್ವರ್‌ಗೆ ಇಲ್ಲಿ ಯಾರೂ ಹಾಕ್ಸಲ್ಲ, ಫಾರಿನ್ನಲ್ಲಿ ಹಾಕ್ಕೊಂಡು ಜಿಂಕೆ ಹೊಡೀತಾರಂತೆ, ಮೈಸೂರಲ್ಲಿ ನೀವೇ ಮೊದಲು — ನಗ್ತಾನೆ, ವ್ಯಾಪಾರದವನು, ನಗದೆ ಏನು ಮಾಡ್ತಾನೆ, ಇದು ಎರಡರಷ್ಟು ಹತ್ತಿರ ತೋರ್ಸುತ್ತೆ, ಇದು ನಾಲ್ಕರಷ್ಟು, ಕಣ್ಣಿಗೆ ಒತ್ಕೋಬಾರ್ದು, ಕೈ ಚಾಚಿ ಹಿಡಿದು ನೋಡ್ಬೇಕು, ಇವರು ಚಾಚ್ತಾರೆ, ಕೈ ನಡುಗಲ್ಲ, ಊಟದ ತಟ್ಟೆ ಹಿಡಿದ್ರೆ ನಡುಗೋ ಕೈ ಈಗ ನಡುಗಲ್ಲ, ಕೆಳಗೆ ನಿಂತು ಮೇಲಕ್ಕೆ ಹೊಡೆದ್ರೆ ಗುರಿ ತಪ್ಪುತ್ತಾ ಚೆಲುವರಾಜು? ಮೇಲಕ್ಕೆ ಅಂದ್ರೆ? ಒಂದು ಮಹಡಿ ಎತ್ತರ ಅಂತಿಟ್ಕೋ, ಒಂದು ರಸ್ತೆ ಅಗಲ. ಅಷ್ಟು ಹತ್ತಿರಕ್ಕೆ ಏನೂ ವ್ಯತ್ಯಾಸ ಇಲ್ಲ ಬಿಡಿ, ಆದ್ರೆ ಮೇಲಿಂದ ಕೆಳಕ್ಕಲ್ವಾ ಸ್ವಾಮಿಗಳೇ ಹೊಡೆಯೋದು, ಅಟ್ಟಣೆ ಕಟ್ಟಿ ಕೂತ್ಕೊಂಡು? ಇವರು ಮತ್ತೆ ಮೇಲಕ್ಕೇ ಗುರಿ ಹಿಡೀತಾರೆ. ಒಂದು ಮಹಡಿ, ಒಂದು ರಸ್ತೆ, ಒಂದು ಮಹಡಿ ಅಂದಿದ್ದು ನಾನೇ ಅಲ್ವಾ, ನಿನ್ನೆ, ಕಾಫಿ ಕುಡೀತಾ ಕುಡೀತಾ, ವರ್ಷ ಆಗಿತ್ತು ರಕ್ಷಿತಾ ಹೆಸರು ಆ ಬಾಯಲ್ಲಿ ಬಂದು, ನನಗೆ ಮಗಳಿಲ್ಲ ಅಂದವರು, ಮಂಡೀಲಿ ಮೂಟೆ ಹೊತ್ತ ಮೂಗಯ್ಯನ ಮಗ ನನ್ನ ಮಗಳಿಗೆ ತಾಳಿ ಕಟ್ಟೋದಾ ಅಂತ ಗೋಡೆಗೆ ತಲೆ ಚಚ್ಕೊಂಡವರು, ಆ ಜಾತಿಗೆ ಹೋದವಳು ಸತ್ತಂಗೆ ಅಂದವರು, ನಿನ್ನೆ ಮೆತ್ತಗೆ, ಅವಳು ಹೆಂಗಿದಾಳೆ ಅಂದ್ರು. ಕರಗಿಹೋದೆ ಕಣಪ್ಪ, ಬೆಣ್ಣೆ ಕರಗಿದಂಗೆ ಕರಗಿಹೋದೆ. ವಿಜಯನಗರದಲ್ಲಿ ಮಹಡಿ ಮನೆ ರೀ, ರಸ್ತೆಗೇ ಮುಖ, ಎದುರಿಗೆ ಖಾಲಿ ಸೈಟು, ಅದರಲ್ಲೊಂದು ಹೊಂಗೆಮರ, ಅವಳ ಗಂಡ ಪ್ರೇಮ್‌ಕುಮಾರ್ ಬ್ಯಾಂಕಿಗೆ ಹೋದ್ಮೇಲೆ ತಲೆಗೆ ನೀರು ಹಾಕ್ಕೊಂಡು ಬಾಲ್ಕನೀಲಿ ಕೂದಲು ಒಣಗಿಸ್ತಾಳೆ, ನಾವು ಕೊಡಿಸಿದ್ದ ಹಳದಿ ಟವಲ್ ಇನ್ನೂ ಇಟ್ಕೊಂಡಿದಾಳೆ ರೀ, ಹೊಟ್ಟೇಲಿ ಕೂಸಿದೆ, ಆರು ತಿಂಗಳು ತುಂಬ್ತು, ಅಪ್ಪಾಜಿ ನನ್ನ ಕೇಳ್ತಾರಾಮ್ಮ ಅಂತಾಳೆ ರೀ — ಬಾಯಿ ಮುಚ್ಕೊಂಡಿದ್ರೆ ಆಗ್ತಿರ್ಲಿಲ್ವಾ ನನಗೆ, ಶುಕ್ರವಾರ ತಾನೇ ತಲೆ ಸ್ನಾನ ಅಂತ ಕೇಳಿದ್ರಲ್ಲ, ಹೌದು ರೀ, ಆ ಪದ್ಧತಿ ಬಿಟ್ಟಿಲ್ಲ ಅಂದೆನಲ್ಲ, ಸೆರಗಲ್ಲಿ ಕಣ್ಣೊರೆಸ್ಕೊಂಡು ಅಂದೆನಲ್ಲ, ನನ್ನ ನಾಲಗೆ ಬಿದ್ದುಹೋಗ, ಶಾವಿಗೆ ಪಾಯಸ ಬೇರೆ ಮಾಡ್ದೆ, ಎರಡು ಸಲ ಹಾಕಿಸ್ಕೊಂಡ್ರು. ನಾಳೆ ಶುಕ್ರವಾರ.

ಯಾವುದು ಕಟ್ಟಲಿ ಸ್ವಾಮಿಗಳೇ, ಉದ್ದದ್ದೇ, ನಾಲ್ಕರ ದುರ್ಬೀನು, ಇವತ್ತೇ ಕೂರಿಸಿಕೊಡು, ಇವತ್ತೇ ಅಂತಾರೆ, ಹಂದಿಗೆ ಏನವಸರ, ಇಪ್ಪತ್ತೆಂಟು ವರ್ಷ ಈ ಮನುಷ್ಯನಿಗೆ ಸಾರು ಬಡಿಸಿದೀನಿ, ಹುಟ್ಟಿದ ಕೂಸನ್ನ ಎದೆಗೆ ಹಾಕ್ಕೊಂಡು ಇವಳು ನಮ್ಮವ್ವನೇ ಕಣೆ ಅಂತ ಅತ್ತಿದ್ದು ಇದೇ ಮನುಷ್ಯ, ನನ್ನ ಅನುಮಾನವೇ ಇರಬಹುದು, ಪಾಪ, ನಿಜವಾಗಲೂ ಹಂದಿಗೇ ಇರಬಹುದು — ಅಮ್ಮಾ, ನೀವೂ ನೋಡಿ, ಎಷ್ಟು ಹತ್ತಿರ ಬರುತ್ತೆ ಅಂತ, ದುರ್ಬೀನು ನನ್ನ ಕೈಗೇ ಕೊಡ್ತಾನೆ, ಕಬ್ಬಿಣದ ಹಂಗೆ ತಣ್ಣಗಿದೆ, ಬಾಗಿಲಾಚೆ ಚಾಚಿ ಹಿಡಿದೆ, ಎದುರಿನ ಮಹಡೀಲಿ ಯಾರದೋ ಬಿಳಿ ಪಂಚೆ ಒಣಗ್ತಿದೆ, ಅದರ ಮೇಲೆ ದುರ್ಬೀನಿನ ಗಾಜಿನ ಕರೀ ಗೀಟು, ಅಡ್ಡ ಒಂದು, ಉದ್ದ ಒಂದು, ಬಿಳೀ ಪಂಚೆ ಕಣೆ, ಬಿಳೀ ಪಂಚೆ, ಅಲ್ಲ, ಹಳದಿ, ಹಳದಿ ಟವಲ್, ಒದ್ದೆ ಕೂದಲು, ಆರು ತಿಂಗಳ ಹೊಟ್ಟೆ, ಗೀಟು ಸೇರೋ ಜಾಗ — ಕೊಡು ಇಲ್ಲಿ, ಅಂತಾರೆ ಇವರು. ಕೊಡಲ್ಲ. ಬಸಮ್ಮ, ಕೊಡು. ನನ್ನ ಕೈಲಿರೋ ತನಕ ಇವರ ಕೈಗೆ ಹೋಗಲ್ಲ, ಅಷ್ಟೇ, ಅಷ್ಟೇ ಗೊತ್ತಿರೋದು ನನಗೆ, ಯಾರೋ ಕಿರುಚ್ತಿದಾರೆ ಅಂಗಡೀಲಿ, ನಾನೇ, ಹಂದಿ ಮಹಡಿ ಮೇಲಿರಲ್ಲ ಕಣ್ರೀ, ಹಂದಿ ಶುಕ್ರವಾರ ತಲೆಗೆ ನೀರು ಹಾಕ್ಕೊಳ್ಳಲ್ಲ ಕಣ್ರೀ, ಚೆಲುವರಾಜು, ಇವರಿಗೆ ಕೊಡ್ಬೇಡ ಕಣಪ್ಪ, ಇವರ ಬೇಟೆ ನನ್ನ ಮಗಳು — ಇವರು ಅಲ್ಲ ಅಂತಿಲ್ಲ, ಅಲ್ಲ ಅನ್ನಿ ರೀ, ಒಂದು ಸಲ ಅಲ್ಲ ಅನ್ನಿ, ಅಂತಿಲ್ಲ, ತಲೆ ತಗ್ಗಿಸಿ ಕೂತವ್ರೆ, ಕೈ ಸೋತುಹೋಗ್ತಿದೆ, ಇಳಿಸಲ್ಲ, ಕರೀ ಗೀಟು, ಹಳದಿ ಟವಲ್, ಅಡ್ಡ ಒಂದು, ಉದ್ದ ಒಂದು, ಹಳದಿ ಟವಲ್