ಏರದ ನಾಡಿ

ಬೆಂಗಳೂರಿನ ಪರೀಕ್ಷಕರ ಮುಖ ಮೊಬೈಲಿನ ವಿಡಿಯೋ ಕಾಲಿನಲ್ಲಿ ಎರಡು ಸಲ ನಿಂತು ಮತ್ತೆ ಚಲಿಸಿತು. ಸುನಂದಾ ಮೊಬೈಲನ್ನು ಡಂಬೆಲ್ಸ್ ಸ್ಟ್ಯಾಂಡಿಗೆ ಒರಗಿಸಿದ್ದಳು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಸೀರೆಯ ಮೇಲೆ ತೊಟ್ಟ ಜಾಕೆಟಿನ ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಶಾಲೆಯ ಟೀಚರ್ ಜಯಮಾಲಾ ಕೂತಿದ್ದರು.

ಟ್ರೇನರ್ ಸರ್ಟಿಫಿಕೇಟಿನ ಬರವಣಿಗೆ ಪರೀಕ್ಷೆ ಮುಗಿದಿತ್ತು. ಉಳಿದದ್ದು ಇದೊಂದೇ: ಒಬ್ಬರಿಗೆ ಹನ್ನೆರಡು ವಾರ ತರಬೇತಿ ಕೊಟ್ಟು ಬರೆದ ವರದಿ, ಅದರ ಮೇಲೆ ಪ್ರಶ್ನೆಗಳು. ಸುನಂದಾ ತರಬೇತಿ ಕೊಟ್ಟದ್ದು ಈ ಟೀಚರಿಗೆ. ಈ ತಿಂಗಳೊಳಗೆ ಸರ್ಟಿಫಿಕೇಟು ಗೋಡೆಗೆ ಬರದಿದ್ದರೆ ಅವಳು ನಡೆಸುವ ಹೆಂಗಸರ ಬ್ಯಾಚು ಬಂದ್ ಎಂದು ಜಿಮ್ಮಿನ ಮಾಲೀಕ ಸೋಮನಿಂಗ ಹೇಳಿಬಿಟ್ಟಿದ್ದ. ಸಿಂದಗಿಯ ಈ ಜಿಮ್ಮಿನಲ್ಲಿ ಹೆಂಗಸರಿಗಿದ್ದದ್ದು ಸಂಜೆಯ ಒಂದೂವರೆ ತಾಸು ಮಾತ್ರ.

"ನಿಮ್ಮ ಕ್ಲೈಂಟ್ ಸುಮ್ಮನೆ ಕೂತಾಗಿನ ನಾಡಿಮಿಡಿತ ಎಂಬತ್ತಾರು ಇದ್ದದ್ದು ಐದನೇ ವಾರಕ್ಕೆ ಅರವತ್ತಕ್ಕೆ ಇಳಿದಿದೆ. ತುಂಬಾ ಚೆನ್ನಾಗಿದೆ. ಏನು ಮಾಡಿದಿರಿ?"

ಐದನೇ ವಾರ ಸುನಂದಾಳಿಗೂ ಹಿಗ್ಗಾಗಿತ್ತು. ಆದರೆ ಅಲ್ಲಿಂದ ಮುಂದೆ ಸ್ಟೆಪ್ ಪೆಟ್ಟಿಗೆಯನ್ನು ಎಷ್ಟು ಹತ್ತಿ ಇಳಿದರೂ ಟೀಚರ ನಾಡಿ ನೂರು ದಾಟುತ್ತಿರಲಿಲ್ಲ. ಪುಸ್ತಕದ ಪ್ರಕಾರ ನೂರಾ ಮೂವತ್ತಕ್ಕೆ ಒಯ್ಯಬೇಕು. "ಇನ್ನೊಂದೀಟ, ಅಕ್ಕೋರ. ನಿಮ್ಮ ಎದಿ ಇನ್ನೂ ಮಲಗೇ ಐತಿ," ಎಂದು ವಾರವಾರವೂ ವೇಗ ಏರಿಸಿದ್ದಳು. ವರದಿ ಕಳಿಸಿದ ಮೇಲೆ, ಈ ಸೋಮವಾರ ಟೀಚರ್ ಪೆಟ್ಟಿಗೆಯ ಮೇಲಿಂದ ಕುಸಿದರು. ನೀರಿನ ಬಾಟಲಿಗೆಂದು ಅವರ ಬ್ಯಾಗಿಗೆ ಕೈ ಹಾಕಿದಾಗ ಸಿಕ್ಕಿದ್ದು ಬಿಪಿ ಗುಳಿಗೆ. ಆ ಗುಳಿಗೆ ನಾಡಿಯನ್ನು ಹಿಡಿದಿಡುತ್ತದೆ, ಎಷ್ಟು ದಣಿದರೂ ಏರಗೊಡುವುದಿಲ್ಲ ಎಂಬುದು ಅದೇ ಪುಸ್ತಕದ ಇನ್ನೊಂದು ಪುಟದಲ್ಲಿತ್ತು.

"ನಾಕನೇ ವಾರದಾಗ ಚಾಲೂ ಮಾಡೇನಿ," ಎಂದು ಟೀಚರ್ ನೆಲದ ಮೇಲೆ ಕೂತೇ ಹೇಳಿದ್ದರು. "ಯಾರ ಮುಂದೂ ಅನಬ್ಯಾಡ. ಮುದ್ದೇಬಿಹಾಳದವರು ಮಗಳನ್ನ ನೋಡಿ ಹೋಗ್ಯಾರ. ರೋಗದ ಮನೆತನ ಅಂದ್ರ ಮುಗೀತು." ಅನ್ನೂದಿಲ್ಲ ಎಂದು ಸುನಂದಾ ಮಾತು ಕೊಟ್ಟಿದ್ದಳು.

ಆರೋಗ್ಯದ ಫಾರ್ಮನ್ನು ತಿಂಗಳಿಗೊಮ್ಮೆ ಕೇಳಿ ತುಂಬಬೇಕು. ಎದೆನೋವು? ಇಲ್ಲ. ತಲೆಸುತ್ತು? ಇಲ್ಲ. ಔಷಧಿ? ಇಲ್ಲ. ಟೀಚರದ್ದಷ್ಟೇ ಅಲ್ಲ, ಇಪ್ಪತ್ತಮೂರು ಹೆಂಗಸರದ್ದನ್ನೂ ಸುನಂದಾಳೇ ತುಂಬುತ್ತಿದ್ದಳು. ನಾಲ್ಕು ಜನರ ನಡುವೆ ರೋಗ ಕೇಳಿದರೆ ಯಾರೂ ಎರಡನೆಯ ದಿನ ಬರುವುದಿಲ್ಲ. ಸಾಲಾಗಿ 'ಇಲ್ಲ' ಬರೆಯುವುದು ಅವರಿಗೆ ಕೊಡುವ ಮರ್ಯಾದೆ ಎಂದುಕೊಂಡಿದ್ದಳು.

"ಹಲೋ? ಕೇಳಿಸ್ತಿದೆಯಾ?"

ಟೀಚರ್ ಅವಳ ಕಡೆ ನೋಡಲಿಲ್ಲ. ಜಿಪ್ಪು ಇನ್ನೂ ಮೇಲೆ ಹೋಗಲು ಜಾಗವಿರಲಿಲ್ಲ.

"ನಾ ಏನೂ ಮಾಡಿಲ್ರಿ ಸರ್," ಎಂದಳು ಸುನಂದಾ. "ಅವರು ಬಿಪಿ ಗುಳಿಗಿ ತಗೋತಾರ. ನಾಡಿ ಇಳಿಸಿದ್ದು ಗುಳಿಗಿ. ನಾ ಅದು ತಿಳೀಲಾರದ ಅವರನ್ನ ದುಡಿಸೇನಿ. ಸೋಮವಾರ ಬಿದ್ದರು."

"ಫಾರ್ಮಿನಲ್ಲಿ ಔಷಧಿ ಇಲ್ಲ ಅಂತಿದೆಯಲ್ಲ?"

"ಅದು ನನ್ನ ಅಕ್ಷರ ರೀ. ಕೇಳ್ಲಾರದ ಬರದೇನಿ."

ಈ ವರದಿ ನಡೆಯುವುದಿಲ್ಲ, ವೈದ್ಯರ ಪತ್ರ ಇಟ್ಟುಕೊಂಡು ಹನ್ನೆರಡು ವಾರ ಹೊಸದಾಗಿ ಮಾಡಿ ಎಂದರು ಪರೀಕ್ಷಕರು. ಪರದೆ ಕಪ್ಪಾಯಿತು.

"ಬೆಂಗಳೂರಾಗ ಕುಂತಾಂವಗ ಏನ್ ತಿಳೀತಿತ್ತು?" ಟೀಚರ್ ಕುರ್ಚಿಯಿಂದ ಎದ್ದರು. "ನಿನ್ನ ಸರ್ಟಿಫಿಕೇಟೂ ಹೋತು, ನನಗ ಕೊಟ್ಟ ಮಾತೂ ಹೋತು."

"ನಾ ಸುಮ್ಮನಿದ್ದಿದ್ರ ನೀವು ಮತ್ತ ಆ ಪೆಟಗಿ ಹತ್ತತಿದ್ರಿ, ಅಕ್ಕೋರ. ನಾ ಮತ್ತ ಇನ್ನೊಂದೀಟ ಅಂತಿದ್ದೆ."

ಟೀಚರ್ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು.

ಮರುದಿನ ಅವರು ಬರಲಿಲ್ಲ. ಸುದ್ದಿ ಕೇಳಿದ ಸೋಮನಿಂಗ "ತಿಂಗಳ ಮುಗೀಲಿ" ಅಂದನಷ್ಟೆ. ಬ್ಯಾಚಿಗೆ ಒಂಬತ್ತು ದಿನ ಉಳಿದಿದ್ದವು. ಸುನಂದಾ ಹೊಸ ಫಾರ್ಮುಗಳನ್ನು ಹಿಡಿದುಕೊಂಡು, ಮ್ಯಾಟುಗಳನ್ನಿಡುವ ಸಣ್ಣ ಕೋಣೆಗೆ ಒಬ್ಬೊಬ್ಬರನ್ನೇ ಕರೆದಳು. ಮೊದಲು ಬಂದವಳು ಸಾವಿತ್ರವ್ವ, ಬ್ಯಾಚಿನವರನ್ನೆಲ್ಲ ನಗಿಸುವಾಕೆ.

"ಏನವಾ, ಜನಗಣತಿ ಏನು? ಎಲ್ಲಾ ಇಲ್ಲ ಅಂತ ಬರಕೋ. ಗಂಡ ಒಬ್ಬ ಅದಾನ, ಅವನನ್ನಷ್ಟ ರೋಗದಾಗ ಹಾಕು."

ಸುನಂದಾ ನಗಲಿಲ್ಲ. ಪೆನ್ನು ಮುಂದೆ ಮಾಡಿದಳು. "ಇನ್ನ ನಾ ಬರ್ಯೂದಿಲ್ರಿ. ನೀವ ಬರೀರಿ."

ಸಾವಿತ್ರವ್ವ ಬೆರಳಿಟ್ಟು ಓದುತ್ತ ಹೋದಳು. ಮೂರನೇ ಪ್ರಶ್ನೆಯಾದ 'ಔಷಧಿ?' ಮೇಲೆ ಬೆರಳು ನಿಂತಿತು. ಹೊರಗೆ ಹೆಂಗಸರು ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ನಗುತ್ತಿದ್ದರು.

"ಮೊದಲ ಆ ಬಾಗಲಾ ಹಾಕು," ಎಂದಳು.